ಜಾಲಂಧ್ರದ ಅಂಚಿಗೆ ಗರಗಸದ ಹಲ್ಲು: ಕಾಫಿ ಲೇಬಲ್ಲಿನ ಪ್ಯಾಟರ್ನ್ ಫಿಲ್ ರಿಪೇರಿ

ಮೂಡಿಗೆರೆ ಕಡೆ ನಮ್ಮ ಅತ್ತಿಗೆ ಮನೆಯಲ್ಲೇ ಬೀಜ ಹುರಿದು ಕಾಫಿ ಪುಡಿ ಮಾಡಿ ಮಾರುತ್ತಾರೆ. ಪೊಟ್ಟಣಕ್ಕೆ ಅಂಟಿಸುವ ಲೇಬಲ್ ನಾಲ್ಕು ಇಂಚು ಅಗಲ, ಆರು ಇಂಚು ಎತ್ತರ. ಹಿನ್ನೆಲೆಯಲ್ಲಿ ಬೇಲೂರು ದೇವಸ್ಥಾನದ ಜಾಲಂಧ್ರದಂಥ (ಕಲ್ಲಿನಲ್ಲಿ ಕೊರೆದ ಕಿಟಕಿಯಂಥ) ನಕ್ಷತ್ರದ ಜಾಲರಿ ಇದೆ. ಫೈಲನ್ನು ಹಿಂದೆ ಯಾರೋ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟಿದ್ದರು. ಹಾಸನದ ಪ್ರೆಸ್ಸಿನಲ್ಲಿ ಪ್ರೂಫ್ ತೆಗೆಸಿದಾಗ ನಕ್ಷತ್ರದ ಓರೆ ಗೆರೆಗಳೆಲ್ಲ ಗರಗಸದ ಹಲ್ಲಿನ ಹಾಗೆ ಬಂದವು. ಜೊತೆಗೆ ಜಾಲರಿಯ ಮೇಲೆ ಚೌಕುಳಿ ಚೌಕುಳಿಯಾಗಿ ಕೂದಲೆಳೆಯ ಬಿಳಿ ಗೆರೆ. ಪ್ರೆಸ್ಸಿನ ಹುಡುಗ ಸರಿಯಾಗೇ ಹೇಳಿದ: "ಸಾರ್, ಮಷೀನ್ ತೊಂದರೆ ಅಲ್ಲ ಇದು. ಅಕ್ಷರ ನೋಡಿ, ಎಷ್ಟು ನೀಟಾಗಿ ಬಂದಿದೆ. ಫೈಲಲ್ಲೇ ಇದೆ."

ಅವನ ಮಾತಿನಲ್ಲೇ ಮೊದಲ ಸುಳಿವು ಇತ್ತು. ಒಂದೇ ಕಾಗದದ ಮೇಲೆ ಅಕ್ಷರದ ಅಂಚು ನಯವಾಗಿ, ಜಾಲರಿಯ ಅಂಚು ಒಡೆದು ಬಂದಿದ್ದರೆ ಮುದ್ರಣ ಯಂತ್ರವನ್ನೂ ಕಾಗದವನ್ನೂ ಬಿಟ್ಟುಬಿಡಬಹುದು. ತೊಂದರೆ ಇರುವುದು ಜಾಲರಿಯನ್ನು ತುಂಬಿದ ರೀತಿಯಲ್ಲಿ, ಅಂದರೆ ಒಂದು ಪುಟ್ಟ ಚಿತ್ರವನ್ನು (ಟೈಲು) ಮತ್ತೆ ಮತ್ತೆ ಹಾಸಿ ಜಾಗ ತುಂಬುವ ಪ್ಯಾಟರ್ನ್ ಫಿಲ್‌ನಲ್ಲಿ. ಯಾವ ಕಾರಣ ಯಾವ ಲಕ್ಷಣ ತೋರಿಸುತ್ತದೆ ಅನ್ನುವುದನ್ನು ಈ ಕೆಲಸದಲ್ಲಿ ಬಿಡಿಸಿ ನೋಡಲು ಸಾಧ್ಯವಾಯಿತು. ಇದೇ ತೊಂದರೆಯಲ್ಲಿ ಸಿಕ್ಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ಇಂಕ್‌ಸ್ಕೇಪ್ 1.3.

ಮೊದಲು ತೀರ್ಮಾನ ಆಗಬೇಕಾದ್ದು, ಒರಟುತನ ಪರದೆಯ ಮೇಲಷ್ಟೇ ಇದೆಯೋ ಫೈಲಿನಿಂದ ಹೊರಬರುವ ಚಿತ್ರದಲ್ಲೂ ಇದೆಯೋ ಎಂಬುದು. ಇದಕ್ಕೆ ಒಂದೇ ಚಿತ್ರವನ್ನು 96, 300, 600 ಡಿಪಿಐನಲ್ಲಿ (ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ) ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿ, ಮೂರನ್ನೂ ಒಂದೇ ಅಳತೆಗೆ ಹಿಗ್ಗಿಸಿ ಪಕ್ಕಪಕ್ಕ ಇಟ್ಟು ನೋಡಬೇಕು. 300 ಡಿಪಿಐ ಅಂದರೆ ಒಂದು ಪಿಕ್ಸೆಲ್ ಸುಮಾರು 0.085 ಮಿಲಿಮೀಟರ್, 600ಕ್ಕೆ ಅದರ ಅರ್ಧ. ಡಿಪಿಐ ಏರಿದಂತೆ ಅಂಚಿನ ಮೆಟ್ಟಿಲುಗಳು ಸಣ್ಣದಾಗುತ್ತ ಹೋದರೆ ಚಿತ್ರ ವೆಕ್ಟರೇ (ಪಿಕ್ಸೆಲ್‌ಗಳಿಂದಲ್ಲ, ಗೆರೆಗಳ ಲೆಕ್ಕದಿಂದ ಆದದ್ದು), ಬಿಡಿಸುವ ಹಂತದಲ್ಲಿ ಪಿಕ್ಸೆಲ್ ಸಾಲದೆ ಬರುತ್ತಿದೆ ಎಂದರ್ಥ. ಡಿಪಿಐ ಎಷ್ಟು ಏರಿಸಿದರೂ ಮೆಟ್ಟಿಲಿನ ಗಾತ್ರ ಅಲ್ಲಾಡದಿದ್ದರೆ ಟೈಲಿನ ಒಳಗೇ ಒಂದು ಫೋಟೋ ಕೂತಿದೆ.

ಈ ಫೈಲಿನಲ್ಲಿ ಎರಡೂ ಇದ್ದವು. ಜಾಲರಿಯ ಮೆಟ್ಟಿಲು ಕುಗ್ಗಿದವು, ಆದರೆ ಪೂರ್ತಿ ಹೋಗಲಿಲ್ಲ. ಲೇಬಲ್ಲಿನ ಕೆಳಗಡೆ ಬಳ್ಳಿಯ ಪಟ್ಟಿ ಒಂದಿತ್ತು. ಅದರ ಮೆಟ್ಟಿಲು ಮೂರರಲ್ಲೂ ಅಷ್ಟೇ ದಪ್ಪ.

ಪಟ್ಟಿಯ ವಿಷಯ ಬೇಗ ಮುಗಿಯಿತು. ಅದನ್ನು ಆರಿಸಿ ಆಬ್ಜೆಕ್ಟ್ ಮೆನುವಿನ ಪ್ಯಾಟರ್ನ್ ಅಡಿಯಲ್ಲಿರುವ 'ಪ್ಯಾಟರ್ನ್ ಟು ಆಬ್ಜೆಕ್ಟ್ಸ್' ಕೊಟ್ಟರೆ ಟೈಲಿನೊಳಗೆ ಏನಿದೆಯೋ ಅದು ಹೊರಗೆ ಬಂದು ಬೀಳುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಕೆಳಗಿನ ಸ್ಟೇಟಸ್ ಪಟ್ಟಿ 'ಇಮೇಜ್' ಅಂದಿತು, 64ಕ್ಕೆ 64 ಪಿಕ್ಸೆಲ್. ಲೇಬಲ್ಲಿನ ಮೇಲೆ ಆ ಟೈಲಿನ ಅಗಲ ಅರ್ಧ ಇಂಚು. ಅಂದರೆ ಇಂಚಿಗೆ 128 ಪಿಕ್ಸೆಲ್. ಪ್ರೆಸ್ಸಿನವರು ಕೇಳುವ 300ರ ಅರ್ಧಕ್ಕೂ ಕಡಿಮೆ. ಇಲ್ಲದ ವಿವರವನ್ನು ಯಾವ ಸೆಟ್ಟಿಂಗೂ ತಂದುಕೊಡುವುದಿಲ್ಲ. ಪಿಕ್ಸೆಲ್ ಚಿತ್ರವನ್ನು ಗೆರೆಗಳಾಗಿ ಬದಲಿಸುವ ಟ್ರೇಸ್ ಬಿಟ್‌ಮ್ಯಾಪ್ ಹಾಕಿ ನೋಡಿದೆ, ಮೆಟ್ಟಿಲುಗಳೇ ಉಬ್ಬುತಗ್ಗಿನ ವಕ್ರರೇಖೆಗಳಾಗಿ ಬಂದವು. ಇಷ್ಟು ಚಿಕ್ಕ ಚಿತ್ರಕ್ಕೆ ಪೆನ್ ಟೂಲ್ ಹಿಡಿದು ಹೊಸದಾಗಿ ಬಳ್ಳಿ ಬಿಡಿಸುವುದೇ ಸರಿ. ಹಾಗೇ ಬಿಡಿಸಿದೆ.

ಜಾಲರಿ ಮಾತ್ರ ಯೋಚನೆಗೆ ಹಚ್ಚಿತು.

ಮೊದಲು ಸುಲಭದ ಅನುಮಾನ ತೀರಿಸಿಕೊಂಡೆ. ಕಂಟ್ರೋಲ್-ಶಿಫ್ಟ್-ಡಿ ಒತ್ತಿದರೆ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯುತ್ತದೆ. ಅಲ್ಲಿ ಆಂಟಿ-ಅಲಿಯಾಸಿಂಗ್ (ಅಂಚಿನ ಪಿಕ್ಸೆಲ್‌ಗಳಿಗೆ ಅರೆಬಣ್ಣ ಹಚ್ಚಿ ನಯಮಾಡುವುದು) ಗುರುತು ಇದೆಯೋ ನೋಡಬೇಕು. ಅದನ್ನು ತೆಗೆದಿದ್ದರೆ ಎಸ್‌ವಿಜಿಯ (ಇಂಕ್‌ಸ್ಕೇಪ್ ಉಳಿಸುವ ಫೈಲಿನ) ಬೇರಿನಲ್ಲೇ 'ಶೇಪ್-ರೆಂಡರಿಂಗ್' ಎಂಬ ಗುಣಕ್ಕೆ 'ಕ್ರಿಸ್ಪ್-ಎಡ್ಜಸ್' ಎಂದು ದಾಖಲಾಗಿ ಇಡೀ ಚಿತ್ರದ ಅಂಚುಗಳು ಒರಟಾಗುತ್ತವೆ. ಪಿಎನ್‌ಜಿ ಎಕ್ಸ್‌ಪೋರ್ಟ್‌ನಲ್ಲೂ ಆಂಟಿ-ಅಲಿಯಾಸಿಂಗ್‌ಗೆ ಬೇರೆ ಆಯ್ಕೆ ಇದೆ. ಸೊನ್ನೆಗೆ ಇಟ್ಟಿದ್ದರೆ ಅದೇ ಫಲ. ಇಲ್ಲಿ ಎರಡೂ ಸರಿಯಾಗಿದ್ದವು. ಅಕ್ಷರಗಳು ನಯವಾಗಿ ಬಂದಿದ್ದರಿಂದ ಅದು ನಿರೀಕ್ಷಿಸಿದ್ದೇ. ಆದರೂ ನೋಡಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಕಂಟ್ರೋಲ್-ಶಿಫ್ಟ್-ಎಕ್ಸ್ ಒತ್ತಿ ಎಕ್ಸ್‌ಎಂಎಲ್ ಎಡಿಟರ್ ತೆಗೆದೆ. ಪ್ಯಾಟರ್ನ್ ಅನ್ನುವುದು ಫೈಲಿನ 'ಡೆಫ್ಸ್' ಭಾಗದಲ್ಲಿ ಇರುತ್ತದೆ, ಸಾಮಾನ್ಯವಾಗಿ ಎರಡು ತುಂಡಾಗಿ. ಒಂದರಲ್ಲಿ ಟೈಲಿನ ನಿಜವಾದ ಚಿತ್ರ ಮತ್ತು ಅದರ ಅಗಲ, ಎತ್ತರ. ಇನ್ನೊಂದು ಅದನ್ನು ಕೊಂಡಿಯಿಂದ ತೋರಿಸುತ್ತ, 'ಪ್ಯಾಟರ್ನ್-ಟ್ರಾನ್ಸ್‌ಫಾರ್ಮ್' ಎಂಬ ಸಾಲಿನಲ್ಲಿ ಎಷ್ಟು ತಿರುಗಿಸಿದೆ, ಎಷ್ಟು ಎಳೆದಿದೆ ಎಂಬ ಲೆಕ್ಕ ಇಟ್ಟುಕೊಂಡಿರುತ್ತದೆ. ನೋಡ್ ಟೂಲ್ ಹಿಡಿದು ಆಕೃತಿಯನ್ನು ಆರಿಸಿದಾಗ ಒಂದು ಅಡ್ಡಗುರುತು, ಒಂದು ಚೌಕ, ಒಂದು ಉರುಟು ಕಾಣಿಸುತ್ತವಲ್ಲ, ಅವನ್ನು ಎಳೆದಾಗ ಬದಲಾಗುವುದು ಈ ಸಾಲೇ. ಆ ಹಿಡಿಗಳು ಎಷ್ಟೋ ಸಲ ಲೇಬಲ್ಲಿನಿಂದ ಎಲ್ಲೋ ದೂರ, ಹಾಳೆಯ ಹೊರಗೆ ಕೂತಿರುತ್ತವೆ. ಕಾಣಿಸಲಿಲ್ಲ ಎಂದು ಬಿಡದೆ ಜೂಮ್ ಹಿಂದಕ್ಕೆ ಎಳೆದು ಹುಡುಕಬೇಕು.

ಇಲ್ಲಿ ಟೈಲನ್ನು 45 ಡಿಗ್ರಿ ತಿರುಗಿಸಿದ್ದರು. ಅದರ ಮೇಲೆ ಲೇಬಲ್ಲಿನ ಎತ್ತರಕ್ಕೆ ಹೊಂದಲಿ ಎಂದು ಉದ್ದಕ್ಕೆ ಮಾತ್ರ ಎಳೆದಿದ್ದರು. ಆ ಸಾಲನ್ನು ಅಳಿಸಿದೆ. ಜಾಲರಿ ನೆಟ್ಟಗೆ ನಿಂತಿತು, ಅಂಚುಗಳ ಒರಟು ಬಹುಪಾಲು ಇಳಿಯಿತು. ತಿರುಗಿಸುವುದನ್ನು ಮಾತ್ರ ವಾಪಸ್ ಹಾಕಿದರೆ ಎಲ್ಲ ಓರೆಗೆರೆಗಳೂ ಸ್ವಲ್ಪ ಸ್ವಲ್ಪ ಒಡೆದವು. ಎಳೆಯುವುದನ್ನು ಮಾತ್ರ ಹಾಕಿದರೆ ಎಳೆದ ದಿಕ್ಕಿನಲ್ಲೇ ಹಲ್ಲು ಎದ್ದವು. ಎರಡೂ ಸೇರಿದಾಗ ಪ್ರೂಫಿನಲ್ಲಿ ಕಂಡದ್ದೇ ಕಂಡಿತು.

ಕಾರಣ ಹೀಗೆ. ಪ್ಯಾಟರ್ನ್ ಫಿಲ್ ಕೊಟ್ಟಾಗ ಸಾಫ್ಟ್‌ವೇರ್ ನಮ್ಮ ನಕ್ಷತ್ರವನ್ನು ನೂರಾರು ಸಲ ಹೊಸದಾಗಿ ಬಿಡಿಸುವುದಿಲ್ಲ. ಒಂದು ಟೈಲನ್ನು ಒಂದೇ ಸಲ ಪಿಕ್ಸೆಲ್‌ಗಳಲ್ಲಿ ಬಿಡಿಸಿಟ್ಟುಕೊಂಡು, ಆ ಚಿತ್ರವನ್ನೇ ಮತ್ತೆ ಮತ್ತೆ ಹಾಸುತ್ತದೆ. ನೇರವಾಗಿ ಹಾಸಿದರೆ ಪಿಕ್ಸೆಲ್ ಮೇಲೆ ಪಿಕ್ಸೆಲ್ ಕೂರುತ್ತದೆ. ತಿರುಗಿಸಿ ಹಾಸಿದರೆ ಬಿಡಿಸಿಟ್ಟ ಪಿಕ್ಸೆಲ್‌ಗಳನ್ನು ಇನ್ನೊಂದು ಓರೆ ಚೌಕುಳಿಗೆ ಲೆಕ್ಕ ಹಾಕಿ ಹೊಂದಿಸಬೇಕಾಗುತ್ತದೆ. ನಯಮಾಡಿದ್ದ ಅಂಚು ಅಲ್ಲಿ ಕೆಡುತ್ತದೆ. ಒಂದೇ ದಿಕ್ಕಿಗೆ ಎಳೆದರೆ ಆ ದಿಕ್ಕಿಗೆ ಪಿಕ್ಸೆಲ್ ಸಾಲುವುದಿಲ್ಲ. ಫೈಲು ವೆಕ್ಟರ್, ಟೈಲಿನೊಳಗೂ ವೆಕ್ಟರ್, ಆದರೂ ಕಣ್ಣಿಗೆ ಬಂದದ್ದು ಒರಟು ಯಾಕೆ ಎಂದು ಕೇಳುವವರಿಗೆ ಉತ್ತರ ಇದು.

ಇನ್ನು ಆ ಬಿಳಿ ಕೂದಲೆಳೆಗಳು. ಇವುಗಳ ಜಾತಿಯೇ ಬೇರೆ. ನಿಜವಾದ ಸಂದೋ ಕಣ್ಕಟ್ಟೋ ಎಂದು ತಿಳಿಯಲು ಜೂಮ್ ಒಂದೇ ಸಾಕು. ಹಿಗ್ಗಿಸಿದಂತೆ ಗೆರೆಯೂ ದಪ್ಪ ಆಗುತ್ತ ಹೋದರೆ ಟೈಲುಗಳ ನಡುವೆ ನಿಜವಾಗಿಯೂ ಜಾಗ ಇದೆ. ಎಷ್ಟು ಹಿಗ್ಗಿಸಿದರೂ ಒಂದು ಪಿಕ್ಸೆಲ್‌ನಷ್ಟೇ ಉಳಿದರೆ ಅದು ಆಂಟಿ-ಅಲಿಯಾಸಿಂಗ್ ಲೆಕ್ಕದಿಂದ ಹುಟ್ಟಿದ್ದು. ಇಲ್ಲಿದ್ದದ್ದು ಎರಡನೆಯದು. ಟೈಲಿನ ಅಂಚು ಒಂದು ಪಿಕ್ಸೆಲ್‌ನ ನಟ್ಟನಡುವೆ ಬಿತ್ತು ಅಂದುಕೊಳ್ಳಿ. ಎಡಗಡೆಯ ಟೈಲು ಆ ಪಿಕ್ಸೆಲ್‌ಗೆ ಶೇಕಡಾ 50 ಬಣ್ಣ ಹಚ್ಚುತ್ತದೆ. ಬಲಗಡೆಯದು ಬಂದು ಉಳಿದ 50ರಲ್ಲಿ ಅರ್ಧವನ್ನು, ಅಂದರೆ 25ನ್ನು ಮುಚ್ಚುತ್ತದೆ. ಒಟ್ಟು 75. ಉಳಿದ 25ರಲ್ಲಿ ಹಿಂದಿನ ಬಿಳಿ ಇಣುಕುತ್ತದೆ. ಎರಡು ಆಕೃತಿಗಳ ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಇದು ತಪ್ಪುವುದಿಲ್ಲ. ಪರದೆಯ ಮೇಲಾದರೆ ಹೋಗಲಿ ಅನ್ನಬಹುದು, ಆದರೆ ಆ ಫೈಲನ್ನು ಪಿಎನ್‌ಜಿ ಮಾಡಿ ಪ್ರೆಸ್ಸಿಗೆ ಕೊಟ್ಟಿದ್ದರಿಂದ ಗೆರೆಗಳೆಲ್ಲ ಚಿತ್ರದೊಳಗೇ ಅಚ್ಚಾಗಿ ಹೋಗಿದ್ದವು.

ಅಂಚು ಪಿಕ್ಸೆಲ್‌ನ ನಡುವೆ ಬೀಳದ ಹಾಗೆ ಟೈಲಿನ ಅಳತೆ ಹಿಡಿದರೆ ಕಾಟ ತುಂಬ ಕಡಿಮೆ ಆಗುತ್ತದೆ. ಹಳೆಯ ಟೈಲು 6 ಮಿಲಿಮೀಟರ್ ಇತ್ತು. 300 ಡಿಪಿಐನಲ್ಲಿ ಅದು 70.87 ಪಿಕ್ಸೆಲ್, ಯಾವ ಟೈಲೂ ಪೂರ್ಣ ಪಿಕ್ಸೆಲ್ ಮೇಲೆ ಮುಗಿಯುವುದಿಲ್ಲ. ಅದೇ 6.35 ಮಿಲಿಮೀಟರ್, ಅಂದರೆ ಕಾಲು ಇಂಚು ಹಿಡಿದರೆ 96 ಡಿಪಿಐಗೆ 24 ಪಿಕ್ಸೆಲ್, 300ಕ್ಕೆ 75, 600ಕ್ಕೆ 150. ಎಲ್ಲವೂ ಪೂರ್ಣ ಸಂಖ್ಯೆ. ಪ್ಯಾಟರ್ನ್ ಫಿಲ್ ಬಿಟ್ಟುಕೊಡಲು ಇಷ್ಟವಿಲ್ಲದವರು ಇಷ್ಟು ಮಾಡಿದರೂ ಸಾಕು: ಕಾಲು ಇಂಚಿನ ಟೈಲು, ತಿರುಗಿಸುವುದು ಬೇಡ, ಎಳೆಯುವುದು ಬೇಡ, ಹಿಂದೆ ಕಲ್ಲಿನ ಬಣ್ಣಕ್ಕೆ ಹತ್ತಿರದ ಒಂದು ಆಯತ.

ಇನ್ನೊಂದು ಎಚ್ಚರಿಕೆ. 'ಆಬ್ಜೆಕ್ಟ್ಸ್ ಟು ಪ್ಯಾಟರ್ನ್' ಕೊಡುವಾಗ ಟೈಲಿನ ಅಳತೆಗೆ ಗೆರೆಯ ದಪ್ಪವೂ ಸೇರುತ್ತದೆ. 6.35ರ ಚೌಕಕ್ಕೆ 0.2 ಮಿಲಿಮೀಟರ್ ಸ್ಟ್ರೋಕ್ ಇದ್ದರೆ ಎರಡೂ ಬದಿ ಅರ್ಧರ್ಧ ಸೇರಿ ಟೈಲು 6.55 ಆಗುತ್ತದೆ, ಮಾಡಿದ ಲೆಕ್ಕವೆಲ್ಲ ಹೋಯಿತು. ಟೈಲಿಗೆ ಸ್ಟ್ರೋಕ್ ಇರಲೇಬಾರದು. ಬೇಕಾದರೆ ಪಾತ್ ಮೆನುವಿನ 'ಸ್ಟ್ರೋಕ್ ಟು ಪಾತ್' ಕೊಟ್ಟು ಗೆರೆಯನ್ನೇ ಆಕೃತಿ ಮಾಡಿಕೊಂಡು ಅಳತೆ ಸರಿಪಡಿಸಬೇಕು.

ಇಷ್ಟರಲ್ಲೇ ನಿಲ್ಲಿಸಬಹುದಿತ್ತು. ಆದರೆ ಹಿಂದೆ ಬಣ್ಣ ಇಡುವ ಉಪಾಯ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಟೈಲಿನ ಮಧ್ಯೆ ನಕ್ಷತ್ರಾಕಾರದ ತೂತು ಇದೆ. ಹಿಂದೆ ಕಂದು ಬಣ್ಣ ಇಟ್ಟರೆ ತೂತಿನಲ್ಲೂ ಕಂದೇ ಕಾಣುತ್ತದೆ. ಜೊತೆಗೆ ಅತ್ತಿಗೆಯವರು ಫೋನಿನಲ್ಲಿ ಖಂಡಿತವಾಗಿ ಹೇಳಿದ್ದರು: "ಬೇಲೂರು ದಾರೀಲಿ ಹೋಗೋ ಜನ ತಗೊಳ್ಳೋದು ನೋಡಪ್ಪ. ದೇವಸ್ಥಾನದ ಕಿಟಕಿ ಥರ ಇದೆ ಅಂತ ಅವರಿಗೆ ಅನ್ನಿಸಬೇಕು. ಬಾತ್‌ರೂಮ್ ಟೈಲ್ಸ್ ಥರ ಅಲ್ಲ."

ದಾರಿ ಸಿಕ್ಕಿದ್ದು ಆ ಕಿಟಕಿಗಳನ್ನೇ ಯೋಚಿಸಿದಾಗ. ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ನವರಂಗದ ಸುತ್ತ ಇರುವ ಜಾಲಂಧ್ರಗಳು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದ ಸೇರ್ಪಡೆ. ಕೆಲವದರಲ್ಲಿ ಪುರಾಣದ ಕಥೆ, ರಾಜಸಭೆ. ಉಳಿದವುಗಳಲ್ಲಿ ನಕ್ಷತ್ರದ ಕಿಂಡಿ, ಬಳ್ಳಿಯ ಸುರುಳಿ. ಹೊರಗಿನ ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುವ ಈ ಪರದೆಗಳನ್ನು ಚೂರು ಚೂರು ಕಲ್ಲು ಜೋಡಿಸಿ ಮಾಡಿದ್ದಲ್ಲ, ಚಪ್ಪಡಿ ಕೊರೆದು ಮಾಡಿದ್ದು. ಕಲ್ಲು ಅಖಂಡ, ಪುನರಾವರ್ತನೆ ಆಗುವುದು ತೂತು ಮಾತ್ರ. ಹಳೆಯ ಫೈಲು ಇದನ್ನು ತಲೆಕೆಳಗು ಮಾಡಿತ್ತು: ತೂತಿರುವ ಪುಟ್ಟ ಕಲ್ಲುಗಳನ್ನು ಪಕ್ಕಪಕ್ಕ ಹಾಸಿತ್ತು. ಸೇರುವ ಅಂಚು ಇದ್ದಲ್ಲಿ ಬಿಳಿ ಗೆರೆ ಬರುತ್ತದೆ. ಕಲ್ಲು ಒಂದೇ ಆದರೆ ಅಂಚೇ ಇರುವುದಿಲ್ಲ.

ಹಾಗಾಗಿ ಪ್ಯಾಟರ್ನ್ ಫಿಲ್ ಬಿಟ್ಟು ಹೊಸದಾಗಿ ಕಟ್ಟಿದೆ.

ಸ್ಟಾರ್ ಟೂಲ್‌ನಲ್ಲಿ ಮೂಲೆ 8, ಸ್ಪೋಕ್ ರೇಶಿಯೋ 0.765. ಈ ಅಂಕಿ ಎಲ್ಲಿಂದ ಬಂತು ಅಂದರೆ, ಒಂದು ಚೌಕದ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟಾಗ ಆಗುವ ಎಂಟು ಮೂಲೆ ನಕ್ಷತ್ರದಲ್ಲಿ ಒಳಮೂಲೆಗೂ ಹೊರಮೂಲೆಗೂ ಇರುವ ಅನುಪಾತ ಅದೇ. ಒಂದು ತುದಿ ನೇರ ಮೇಲಕ್ಕೆ ನೋಡುವ ಹಾಗೆ ಇಟ್ಟು, ತುದಿಯಿಂದ ತುದಿಗೆ 5.08 ಮಿಲಿಮೀಟರ್ ಮಾಡಿದೆ. ಸ್ಟ್ರೋಕ್ ಇಲ್ಲ. ನಂತರ ಎಡಿಟ್ ಮೆನುವಿನ ಕ್ಲೋನ್ ಅಡಿಯಲ್ಲಿ 'ಕ್ರಿಯೇಟ್ ಟೈಲ್ಡ್ ಕ್ಲೋನ್ಸ್', ಅಂದರೆ ಮೂಲಕ್ಕೆ ಕೊಂಡಿ ಇರುವ ನಕಲುಗಳನ್ನು (ಕ್ಲೋನ್) ಸಾಲಾಗಿ ಹಾಸುವುದು. ಸಿಮೆಟ್ರಿ ಸರಳವಾದದ್ದೇ, ಪಿ1. ಶಿಫ್ಟ್ ಪುಟದಲ್ಲಿ ಅಡ್ಡಕ್ಕೆ ಪ್ರತಿ ಕಾಲಮ್ಮಿಗೆ ಶೇಕಡಾ 25, ಉದ್ದಕ್ಕೆ ಪ್ರತಿ ಸಾಲಿಗೆ ಶೇಕಡಾ 25. 5.08ರ ಕಾಲುಭಾಗ 1.27, ಕೂಡಿದರೆ ಸರಿಯಾಗಿ 6.35. ಎರಡು ನಕ್ಷತ್ರದ ತುದಿಗಳ ನಡುವೆ ಉಳಿಯುವ ಕಲ್ಲು 1.27 ಮಿಲಿಮೀಟರ್. ಕಾಗದದಲ್ಲಿ ಶಾಯಿ ಸ್ವಲ್ಪ ಹರಡಿದರೂ ಅದು ಗಟ್ಟಿಯಾಗೇ ನಿಲ್ಲುತ್ತದೆ.

ಕಾಲಮ್ 15, ಸಾಲು 23, ಒಟ್ಟು 345 ನಕ್ಷತ್ರ. ನಾಲ್ಕು ಇಂಚಿಗೆ 16 ಕೂರುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಕೂರುತ್ತವೆ, ಆದರೆ ಆಗ ತುದಿಗೂ ಕತ್ತರಿಸುವ ಗೆರೆಗೂ ಅರ್ಧ ಮಿಲಿಮೀಟರ್ ಚಿಲ್ಲರೆ ಮಾತ್ರ ಉಳಿಯುತ್ತದೆ. ಕಟಿಂಗ್ ಸ್ವಲ್ಪ ವಾಲಿದರೂ ಒಂದು ಕಡೆಯ ನಕ್ಷತ್ರ ಮೊಂಡಾಗುತ್ತದೆ. ಒಂದು ಸಾಲು ಬಿಟ್ಟರೆ ಸುತ್ತ 3.81 ಮಿಲಿಮೀಟರಿನ ಚೌಕಟ್ಟು ತಾನಾಗೇ ಸಿಗುತ್ತದೆ, ಕಿಟಕಿಗೆ ಚೌಕಟ್ಟು ಬೇಕೇಬೇಕು.

ಬರೀ ನಕ್ಷತ್ರದ ಸಾಲು ನಿಂತಾಗ ಹಳೆಯದರಲ್ಲಿದ್ದ ಓರೆಯ ಓಟ ಹೋಗಿತ್ತು. ಅದನ್ನು ತರಲು ತಿರುಗಿಸಬೇಕಾಗಿಲ್ಲ. ನಾಲ್ಕು ನಕ್ಷತ್ರಗಳ ನಡುವಿನ ಜಾಗದಲ್ಲಿ ಒಂದೊಂದು ಚಿಕ್ಕ ವಜ್ರಾಕಾರ ಇಟ್ಟೆ, ತುದಿಯಿಂದ ತುದಿಗೆ 2.54 ಮಿಲಿಮೀಟರ್. ಇದಕ್ಕೆ ಶಿಫ್ಟ್ ಶೇಕಡಾ 150, ಕಾಲಮ್ 14, ಸಾಲು 22. ದೊಡ್ಡದು ಚಿಕ್ಕದು ಪರ್ಯಾಯವಾಗಿ ಬಂದಾಗ ಕಣ್ಣು ತಾನೇ ಮೂಲೆಯಿಂದ ಮೂಲೆಗೆ ಹೋಗುತ್ತದೆ. ನನ್ನ ಮಟ್ಟಿಗೆ ಇದು ಹಳೆಯದಕ್ಕಿಂತ ಚೆನ್ನಾಗಿದೆ. ಬೆಳಕು ಬರುವ ಕಿಂಡಿ ಅನ್ನಿಸುತ್ತದೆ.

ಮುಂದಿನ ಹೆಜ್ಜೆಯ ಅನುಕ್ರಮ ಮುಖ್ಯ. ಎಲ್ಲ ಕ್ಲೋನ್‌ಗಳನ್ನೂ ಆರಿಸಿ ಶಿಫ್ಟ್-ಆಲ್ಟ್-ಡಿ ಒತ್ತಿ ಕೊಂಡಿ ಕಳಚಬೇಕು. ಮೊದಲನೆಯ ಕ್ಲೋನ್ ಮೂಲ ನಕ್ಷತ್ರದ ಮೇಲೇ ಕೂತಿರುತ್ತದೆ. ಎರಡರಲ್ಲಿ ಒಂದನ್ನು ತೆಗೆಯದಿದ್ದರೆ ಆ ಒಂದು ತೂತು ಮುಚ್ಚಿಹೋಗುತ್ತದೆ. ಆಮೇಲೆ 'ಆಬ್ಜೆಕ್ಟ್ ಟು ಪಾತ್', ನಂತರ ಕಲ್ಲಿನ ಆಯತದ ಜೊತೆ ಸೇರಿಸಿ ಕಂಟ್ರೋಲ್-ಕೆ, ಅಂದರೆ ಕಂಬೈನ್. ಫಿಲ್ ರೂಲ್ 'ಈವನ್-ಆಡ್' ಇದ್ದರೆ ಒಳಗಿನ ಆಕೃತಿಗಳೆಲ್ಲ ತೂತಾಗುತ್ತವೆ. ಆಯತವನ್ನು ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯಾಚೆಗಿನ ಅಂಚು) ಬಿಟ್ಟು 107.6ಕ್ಕೆ 158.4 ಮಾಡಿದ್ದೆ. ಈಗ ಇಡೀ ಜಾಲರಿ ಒಂದೇ ಪಾತ್: ನಕ್ಷತ್ರಕ್ಕೆ 16, ವಜ್ರಕ್ಕೆ 4, ಆಯತಕ್ಕೆ 4, ಒಟ್ಟು 6756 ನೋಡ್ (ಮೂಲೆಬಿಂದು). ಸಾಧಾರಣ ಲ್ಯಾಪ್‌ಟಾಪಿಗೂ ಇದು ಭಾರವಲ್ಲ. ಕೆಳಗೆ ಇನ್ನೊಂದು ಕೆನೆ ಬಣ್ಣದ ಆಯತ ಇಟ್ಟರೆ ಕಿಂಡಿಗಳು ಬೆಳಗುತ್ತವೆ.

ಅಕ್ಷರ ಬರುವ ಜಾಗಕ್ಕೆ ಮಾತ್ರ ಖಾಲಿ ಫಲಕ ಬೇಕು, ಜಾಲರಿ ಅದರ ಕೆಳಗೆ ಹಾಯಬಾರದು. ಅಲಂಕಾರಕ್ಕಿಂತ ಇದು ನಿಯಮದ ಮಾತು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರುವಂತಿಲ್ಲ, ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಲೇಬಲ್ಲಿನ ಮೇಲೆ ಓದುವ ಹಾಗೆ ಬರೆಯಬೇಕು. ಹಳೆಯದರಲ್ಲಿ ಆ ಸಾಲು ಜಾಲರಿಯ ಮೇಲೇ ಹಾದುಹೋಗಿತ್ತು. ಕೊಳ್ಳುವವರು ಮೊದಲು ಓದುವ ಸಾಲು ಅದು, ಅದಕ್ಕೆ ಮರ್ಯಾದೆ ಕೊಡಬೇಕು. ಕನ್ನಡ ಅಕ್ಷರಗಳನ್ನೂ ಪ್ರತಿ ತೆಗೆದಿಟ್ಟುಕೊಂಡು ಪಾತ್ ಮಾಡಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಎಲ್ಲೋ, ಮೂಲಾಕ್ಷರ ಎಲ್ಲೋ ಆಗುತ್ತದೆ.

ಹೆಸರಿನ ಹಿಂದೆ ಮಬ್ಬು ನೆರಳು ಒಂದಿತ್ತು. ಬ್ಲರ್ ಫಿಲ್ಟರ್ ಇರುವ ಭಾಗ ಪಿಡಿಎಫ್ ಆಗುವಾಗ ಪಿಕ್ಸೆಲ್ ಚಿತ್ರವಾಗುತ್ತದೆ. ತೆಗೆದುಹಾಕಿದೆ.

ಈ ಸಲ ಪಿಎನ್‌ಜಿ ಕೊಡದೆ ಪಿಡಿಎಫ್ ಕೊಟ್ಟೆ. ಕೊಡುವ ಮೊದಲು ಬೇರೊಂದು ಪಿಡಿಎಫ್ ರೀಡರ್‌ನಲ್ಲಿ ತೆರೆದು, ಹಿಗ್ಗಿಸುವಷ್ಟು ಹಿಗ್ಗಿಸಿ ನಕ್ಷತ್ರದ ತುದಿ, ಚೌಕಟ್ಟಿನ ಮೂಲೆ, ಬಳ್ಳಿಯ ಸುರುಳಿ ಮೂರನ್ನೂ ನೋಡಿದೆ. ಎಲ್ಲೂ ಮೆಟ್ಟಿಲಿಲ್ಲ, ಗೆರೆಯಿಲ್ಲ. ಪ್ರೂಫ್ ಹಾಗೇ ಬಂತು. ಬಣ್ಣ ಮಾತ್ರ ಪರದೆಗಿಂತ ಒಂದು ಛಾಯೆ ಕಪ್ಪಾಯಿತು. ಇಂಕ್‌ಸ್ಕೇಪ್ ಆರ್‌ಜಿಬಿಯಲ್ಲಿ (ಪರದೆಯ ಬಣ್ಣದ ಲೆಕ್ಕದಲ್ಲಿ) ಕೊಡುತ್ತದೆ, ಸಿಎಂವೈಕೆಗೆ (ಮುದ್ರಣದ ಶಾಯಿಗಳ ಲೆಕ್ಕಕ್ಕೆ) ಬದಲಾಗುವುದು ಪ್ರೆಸ್ಸಿನಲ್ಲಿ. ಹಾಗಾಗಿ ಪ್ರೂಫ್ ಮುಂದಿಟ್ಟುಕೊಂಡೇ ಕಂದನ್ನು ಸ್ವಲ್ಪ ತಿಳಿ ಮಾಡಿಸಿದೆವು.

ಆಮೇಲೆ ಅತ್ತಿಗೆಯವರು ಸಂತೆಯ ಮಳಿಗೆಗೆ ನಾಲ್ಕಕ್ಕೆ ಆರು ಅಡಿಯ ಫ್ಲೆಕ್ಸ್ ಕೇಳಿದರು. ಅದೇ ಫೈಲು ಹನ್ನೆರಡು ಪಟ್ಟು. ಅಗಲ ಎತ್ತರದ ನಡುವಿನ ಬೀಗದ ಗುರುತು ಒತ್ತಿ ಅಳತೆ ಬರೆದದ್ದಷ್ಟೇ ಕೆಲಸ, 5 ಮಿಲಿಮೀಟರಿನ ನಕ್ಷತ್ರ ಅಲ್ಲಿ ಆರು ಸೆಂಟಿಮೀಟರ್ ಆಗಿ ನೆಟ್ಟಗೆ ನಿಂತಿದೆ.

ಫೈಲುಗಳನ್ನು ಮೂರು ಹಂತದಲ್ಲಿ ಬೇರೆ ಬೇರೆ ಇಟ್ಟಿದ್ದೇನೆ: ಕ್ಲೋನ್‌ಗಳು ಜೀವಂತ ಇರುವುದು, ಕಂಬೈನ್ ಆದದ್ದು, ಪ್ರೆಸ್ಸಿಗೆ ಹೋದ ಪಿಡಿಎಫ್. ಮುಂದೆ ಅರ್ಧ ಕೆಜಿ ಪೊಟ್ಟಣಕ್ಕೆ ಬೇರೆ ಅಳತೆಯ ಲೇಬಲ್ ಬೇಕಾದಾಗ ಮೊದಲನೆಯದನ್ನು ತೆರೆದು ಕಾಲಮ್, ಸಾಲು ಎರಡೇ ಅಂಕಿ ಬದಲಿಸಿದರೆ ಸಾಕು.